ಬೇಡ ಅನ್ನುವುದನ್ನು ಕಲಿಯೋಣ

ಬೇಡ.

ಈ ಪದದಲ್ಲಿ ಇರುವುದು ಎರಡೇ ಅಕ್ಷರ. 'ಬೇ' ಒಂದು, 'ಡ' ಒಂದು. ಓದುವುದು ಸುಲಭ. ಬರೆಯುವುದೂ ಸುಲಭ. ಆದರೆ ಬಾಯಿಬಿಟ್ಟು ಹೇಳುವುದು? ಅಕ್ಕ ತಂಗಿಯರೇ, ನೀವೇ ನೆನೆಸಿಕೊಳ್ಳಿ. ಹೇಳಬೇಕು ಅಂತ ಇದ್ದೂ ಹೇಳಲಾಗದ 'ಬೇಡ'ಗಳು ನಮ್ಮೆಲ್ಲರ ಹೊಟ್ಟೆಯಲ್ಲೂ ಎಷ್ಟೋ ಉಳಿದಿವೆ.

ಕುಡಿತ ಬಿಟ್ಟವರಿಗಂತೂ ಈ ಪದ ಔಷಧಿ ಇದ್ದ ಹಾಗೆ. ಆಸ್ಪತ್ರೆಯಲ್ಲಿ ಕೊಡುವ ಗುಳಿಗೆ ಮೈ ನಡುಕ ನಿಲ್ಲಿಸುತ್ತದೆ. ಆದರೆ ಬಟವಾಡೆ ದಿನ ಗೆಳೆಯ ಹೆಗಲ ಮೇಲೆ ಕೈ ಹಾಕಿ "ಬಾರೋ" ಅಂತಾನೆ. ಆಗ ಯಾವ ಗುಳಿಗೆಯೂ ನಮ್ಮವರ ಪರವಾಗಿ ಮಾತಾಡುವುದಿಲ್ಲ. ಅವರೇ ಮಾತಾಡಬೇಕು. ಆ ಮಾತನ್ನು ಕಲಿಯಬಹುದು. ಸ್ಲೇಟಿನ ಮೇಲೆ ಅಕ್ಷರ ತಿದ್ದಿ ಕಲಿತೆವಲ್ಲ, ಹಾಗೇ ತಿದ್ದಿ ತಿದ್ದಿ ಕಲಿಯಬಹುದು. ಈ ಪಾಠದಲ್ಲಿ ಅದನ್ನೇ ನೋಡೋಣ.

ಬಿಡುವುದು ಬೇರೆ, ಬಿಟ್ಟು ಬಾಳುವುದು ಬೇರೆ

ಕುಡಿತ ಶುರುವಿನಲ್ಲಿ ರೂಢಿ. ಆಮೇಲೆ ಚಟ. ಚಟ ಬಲಿತರೆ ಅದು ಕಾಯಿಲೆ. ಆಗ ಮನಸ್ಸು ಬೇಡ ಅಂದರೂ ಮೈ ಕೇಳುತ್ತದೆ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ. ಒಂದು ಗುಟುಕು ಒಳಗೆ ಹೋದರೆ ನಡುಕ ನಿಲ್ಲುತ್ತದೆ.

ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ ಉಂಟು. ಮೊದಲ ಎರಡು ಮೂರು ದಿನ ಬಹಳ ಕಷ್ಟ. ಬೆವರು, ನಡುಕ, ವಾಂತಿ ಬರಬಹುದು. ನಿದ್ದೆ ಹತ್ತುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಕೆಲವರು ಇಲ್ಲದ್ದನ್ನು ಕಂಡವರಂತೆ ಮಾತಾಡುತ್ತಾರೆ. ದೆವ್ವ ಹಿಡಿದಿದೆ ಅಂತ ತಿಳಿಯಬಾರದು. ಕೋಣೆಯಲ್ಲಿ ಕೂಡಿ ಹಾಕಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕುಡಿತ ಬಿಡುವ ಮೊದಲೇ ಡಾಕ್ಟರನ್ನು ಕೇಳುವುದು ಇನ್ನೂ ಒಳ್ಳೆಯದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಚಟ ಬಿಡಿಸುವುದಕ್ಕೆಂದೇ ಬೇರೆ ವಿಭಾಗ ಇದೆ.

ಔಷಧಿಯಿಂದ ಮೈ ಸುಧಾರಿಸುತ್ತದೆ. ಆದರೆ ಮನೆಗೆ ಬಂದ ಮೇಲೆ? ಅದೇ ಊರು. ಅದೇ ದಾರಿ. ಅದೇ ಗೆಳೆಯರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ಮಾರಾಟ ನಿಲ್ಲಿಸಿತು. ಪಾಕೀಟು ಸಾರಾಯಿ ಹೋಯಿತು. ಕುಡಿತ ಹೋಯಿತೇ? ಇಲ್ಲ. ಬ್ರಾಂದಿ, ವಿಸ್ಕಿ ಉಳಿದವು. ಕರೆಯುವವರೂ ಉಳಿದರು.

ಬಿಟ್ಟವರು ಮತ್ತೆ ಯಾಕೆ ಕುಡಿಯುತ್ತಾರೆ? ಚಟ ಬಿಡಿಸುವ ಡಾಕ್ಟರುಗಳು ಮುಖ್ಯವಾಗಿ ಮೂರು ಕಾರಣ ಹೇಳುತ್ತಾರೆ. ಒಂದು, ಮನಸ್ಸಿನ ನೋವು, ಬೇಸರ, ಸಿಟ್ಟು. ಎರಡು, ಮನೆಯಲ್ಲೋ ಕೆಲಸದಲ್ಲೋ ಜಗಳ. ಮೂರು, ಜೊತೆಗಾರರ ಒತ್ತಾಯ. ಈ ಮೂರರಲ್ಲೂ ಮಾತಿಗೆ ಕೆಲಸ ಇದೆ. ನೋವು ಹೇಳಿಕೊಳ್ಳಲು ಮಾತು ಬೇಕು. ಜಗಳ ಬಿಡಿಸಲು ಮಾತು ಬೇಕು. ಒತ್ತಾಯ ತಳ್ಳಲು ಮಾತು ಬೇಕು. ಅದಕ್ಕೇ ಚಟ ಬಿಡಿಸುವ ಕಡೆ ಔಷಧಿಯ ಜೊತೆಗೆ ಮಾತಾಡುವುದನ್ನೂ ಹೇಳಿಕೊಡುತ್ತಾರೆ.

ಮೂರು ಬಗೆಯ ಮಾತು

ನಾವು ಆಡುವ ಮಾತಿನಲ್ಲಿ ಮೂರು ಬಗೆ ಉಂಟು.

ಮೊದಲನೆಯದು ನುಂಗುವ ಮಾತು. ಮನಸ್ಸಿನಲ್ಲಿ 'ಬೇಡ' ಇರುತ್ತದೆ. ಬಾಯಲ್ಲಿ "ಆಗಲಿ" ಬರುತ್ತದೆ. ಎದುರಿಗಿದ್ದವರು ಏನು ತಿಳಿದಾರೋ ಅನ್ನುವ ಅಂಜಿಕೆ. ಆಮೇಲೆ ಒಳಗೊಳಗೇ ಕುದಿಯುತ್ತೇವೆ.

ಎರಡನೆಯದು ಸಿಡಿಯುವ ಮಾತು. ಬಹಳ ದಿನ ನುಂಗಿದ್ದು ಒಂದು ದಿನ ಸಿಡಿಯುತ್ತದೆ. ಬೈಗುಳ, ಶಾಪ, ಕೂಗಾಟ. ಎದುರಿನವರಿಗೆ ನಮ್ಮ ಸಿಟ್ಟು ಕೇಳುತ್ತದೆ. ನಮ್ಮ ಮಾತು ಕೇಳುವುದಿಲ್ಲ.

ಮೂರನೆಯದು ನೇರ ಮಾತು. ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ದನಿ ಏರಿಸದೆ, ತಲೆ ತಗ್ಗಿಸದೆ ಹೇಳುವುದು. ನಮ್ಮ ಮರ್ಯಾದೆಯೂ ಉಳಿಯಬೇಕು, ಎದುರಿನವರ ಮರ್ಯಾದೆಯೂ ಉಳಿಯಬೇಕು.

ಒಂದು ಉದಾಹರಣೆ ನೋಡೋಣ. ಮಗಳ ಶಾಲೆ ಫೀಸಿಗೆ ದುಡ್ಡು ತೆಗೆದಿಟ್ಟಿದ್ದೇವೆ. ಪಕ್ಕದ ಮನೆಯವರು ಕೈಸಾಲ ಕೇಳುತ್ತಾರೆ. ನುಂಗುವವಳು ಕೊಟ್ಟುಬಿಟ್ಟು ರಾತ್ರಿಯೆಲ್ಲ ಹೊರಳಾಡುತ್ತಾಳೆ. ಸಿಡಿಯುವವಳು "ನಿಮಗೆ ಕೇಳೋದೇ ಕೆಲಸ" ಅಂತಾಳೆ. ಮಾರನೇ ದಿನದಿಂದ ಮಾತು ನಿಲ್ಲುತ್ತದೆ. ನೇರವಾಗಿ ಆಡುವವಳು "ಅಕ್ಕಾ, ಈ ದುಡ್ಡು ಮಗಳ ಫೀಸಿಗೆ ಇಟ್ಟಿದ್ದೀನಿ. ಕೊಡೋಕಾಗಲ್ಲ" ಅಂತಾಳೆ. ಅಷ್ಟೇ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಟವಾಡೆ ದಿನ

ಕೆಂಪಣ್ಣ ಅಂತ ಒಬ್ಬ ಗಾರೆ ಕೆಲಸದವನು ಇದ್ದಾನೆ ಎಂದುಕೊಳ್ಳೋಣ. ಅವನ ಹೆಂಡತಿ ಲಕ್ಷ್ಮಮ್ಮ. ಕೆಂಪಣ್ಣ ಆಸ್ಪತ್ರೆಗೆ ಸೇರಿ, ಕುಡಿತ ಬಿಟ್ಟು ಬಂದು ಒಂದು ತಿಂಗಳಾಗಿದೆ. ಶನಿವಾರ ಸಂಜೆ. ಮೇಸ್ತ್ರಿ ವಾರದ ಕೂಲಿ ಕೊಟ್ಟ. ಗೆಳೆಯ ನಾಗ ಹತ್ತಿರ ಬಂದ.

"ಬಾರೋ ಕೆಂಪ, ಒಂದು ಕ್ವಾರ್ಟರ್ ಹಾಕೋಣ."

"ಇವತ್ತು ಬೇಡ ಕಣೋ. ಹೊಟ್ಟೆ ಸರಿಯಿಲ್ಲ."

"ಹೊಟ್ಟೆಗೆ ಅದೇ ಮದ್ದು, ಬಾ!"

ನೋಡಿದಿರಾ? ಕೆಂಪಣ್ಣ ಒಂದು ನೆವ ಹೇಳಿದ. ನಾಗನ ಹತ್ತಿರ ಅದಕ್ಕೆ ಉತ್ತರ ಸಿದ್ಧವಾಗಿತ್ತು. ಒಂದು ವೇಳೆ ನಾಗ ಒಪ್ಪಿಕೊಂಡರೂ ನಾಳೆ ಮತ್ತೆ ಬರುತ್ತಾನೆ. "ಹೊಟ್ಟೆ ಈಗ ಸರಿಹೋಯ್ತಲ್ಲ" ಅಂತಾನೆ.

ಅಯ್ಯಪ್ಪನ ಮಾಲೆ ಹಾಕಿದವರನ್ನು ನೋಡಿ. ಮಾಲೆ ಕೊರಳಲ್ಲಿ ಇರುವ ತನಕ ಯಾರೂ ಕುಡಿಯಲು ಕರೆಯುವುದಿಲ್ಲ. ವ್ರತ ಒಳ್ಳೆಯದೇ. ಆದರೆ ಎಷ್ಟೋ ಜನಕ್ಕೆ ಮಾಲೆ ತೆಗೆದ ಮರುದಿನವೇ ಕರೆ ಬರುತ್ತದೆ. ಶ್ರಾವಣ ಮುಗಿದರೂ ಹಾಗೇ. ನೆವಕ್ಕೆ ಗಡುವು ಇದೆ. ನೇರ ಮಾತಿಗೆ ಗಡುವಿಲ್ಲ.

ಈಗ ಅದೇ ಮಾತುಕತೆಯನ್ನು ಇನ್ನೊಂದು ರೀತಿ ಓದೋಣ.

"ಬಾರೋ ಕೆಂಪ, ಒಂದು ಕ್ವಾರ್ಟರ್ ಹಾಕೋಣ."

"ಬೇಡ ನಾಗ. ನಾನು ಕುಡಿಯೋದು ಬಿಟ್ಟಿದ್ದೀನಿ."

"ಒಂದೇ ಒಂದು ಕಣೋ. ಹೆಂಡ್ತಿಗೆ ಹೆದರ್ತೀಯಾ?"

"ಬೇಡ. ನಾನು ಬಿಟ್ಟಿದ್ದೀನಿ. ಟೀ ಕುಡಿಯೋದಾದ್ರೆ ಬಾ, ನಾನೇ ಕೊಡಿಸ್ತೀನಿ."

"ನಿನ್ನ ಟೀ ಯಾರಿಗೆ ಬೇಕು?"

"ಸರಿ ಬಿಡು. ಸೋಮವಾರ ಕೆಲಸದಲ್ಲಿ ಸಿಗೋಣ."

ಕೆಂಪಣ್ಣ ಮನೆ ಕಡೆ ನಡೆದ. ಈ ಮಾತಿನಲ್ಲಿ ಐದು ಗುಟ್ಟು ಇವೆ.

1. ಮೊದಲ ಪದವೇ 'ಬೇಡ'. "ನೋಡೋಣ", "ಆಮೇಲೆ" ಅನ್ನಲಿಲ್ಲ.

2. ಮುಖ ನೋಡಿ ಹೇಳಿದ. ನೆಲ ನೋಡಿ ಗೊಣಗಲಿಲ್ಲ.

3. ನೆವ ಹೇಳಲಿಲ್ಲ. ನಿಜ ಹೇಳಿದ.

4. ಕೆಣಕಿದರೂ ವಾದಕ್ಕೆ ಇಳಿಯಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಹೇಳಿದ.

5. ಟೀಗೆ ಕರೆದ. ನಾಗ ಒಪ್ಪದಿದ್ದಾಗ ಅಲ್ಲಿ ನಿಲ್ಲಲಿಲ್ಲ, ಹೊರಟ.

ನಾಗನಿಗೆ ಬೇಜಾರಾಗಬಹುದು. ಆಗಲಿ. ಗೆಳೆಯನ ಬೇಜಾರು ಎರಡು ದಿನದ್ದು. ಕುಡಿತಕ್ಕೆ ಮತ್ತೆ ಬಿದ್ದರೆ ಅದು ಎಷ್ಟು ದಿನದ್ದೋ ಹೇಳಲಾಗದು.

ಬಾಯಿಪಾಠ ಸಾಲದು, ಆಡಿ ನೋಡಬೇಕು

ಓದಿದ್ದು ಮನಸ್ಸಿಗೆ ಹತ್ತುತ್ತದೆ. ಆಡಿದ್ದು ನಾಲಿಗೆಗೆ ಹತ್ತುತ್ತದೆ. ಅದಕ್ಕೇ ಇದನ್ನು ಮನೆಯಲ್ಲೇ ನಾಟಕದ ಹಾಗೆ ಆಡಬೇಕು. ಲಕ್ಷ್ಮಮ್ಮ ನಾಗ ಆಗಲಿ. ಹೆಗಲಿಗೆ ಟವೆಲು ಹಾಕಿಕೊಂಡು "ಬಾರೋ ಕೆಂಪ" ಅನ್ನಲಿ. ನಗು ಬಂದೇ ಬರುತ್ತದೆ. ನಗೋಣ. ನಕ್ಕು ಮತ್ತೆ ಆಡೋಣ. ಹತ್ತು ಸಲ ಆಡಿದ ಮೇಲೆ ಹನ್ನೊಂದನೇ ಸಲ ಮಾತು ತಾನಾಗಿ ಬರುತ್ತದೆ.

ಕರೆ ಎಲ್ಲೆಲ್ಲಿ ಬರುತ್ತದೆ ಅಂತ ಮೊದಲೇ ಯೋಚಿಸಿ. ಮದುವೆ ಮನೆ, ಜಾತ್ರೆ, ಯುಗಾದಿಯ ಹೊಸತೊಡಕು, ಸಾವಿನ ಮನೆ, ಚುನಾವಣೆ ಸಮಯ. ಒಂದೊಂದು ಕಡೆಯ ಮಾತೂ ಬೇರೆ. ಮದುವೆ ಮನೆಯಲ್ಲಿ ಭಾವಮೈದ "ನಮ್ಮ ಮರ್ಯಾದೆಗಾದರೂ ಒಂದು ತಗೊಳ್ಳಿ ಭಾವ" ಅಂತಾನೆ. ಸಾವಿನ ಮನೆಯಲ್ಲಿ ಹಿರಿಯರು "ದುಃಖ ಮರೆಯೋಕೆ ಸ್ವಲ್ಪ ತಗೋ" ಅಂತಾರೆ. ಹಿರಿಯರಿಗೆ ಹೇಗೆ ಹೇಳುವುದು? "ಬೇಡ ಮಾವ, ನಾನು ಬಿಟ್ಟಿದ್ದೀನಿ. ನಿಮ್ಮ ಆಶೀರ್ವಾದ ಇರಲಿ." ಮರ್ಯಾದೆ ಕೊಟ್ಟ ಹಾಗೂ ಆಯಿತು, ಬೇಡ ಅಂದ ಹಾಗೂ ಆಯಿತು.

ಶುರುವಿನ ತಿಂಗಳುಗಳಲ್ಲಿ ಕುಡಿಯುವ ಕಡೆ ಹೋಗದೇ ಇರುವುದೂ ಒಂದು 'ಬೇಡ'. ಬಾರಿನ ಮುಂದಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬಂದರೆ ಅದು ಹೇಡಿತನವಲ್ಲ.

ಒಳಗಿನ ಕರೆ

ಹೊರಗೆ ನಾಗ ಕರೆಯುತ್ತಾನೆ. ಒಳಗೆ ಆಸೆ ಕರೆಯುತ್ತದೆ. ಆಸೆ ಅಲೆಯ ಹಾಗೆ. ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ತಡೆದರೆ ಅದರ ಜೋರು ಕಡಿಮೆಯಾಗುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕು ಇದ್ದಾಗ ಆಸೆ ಜಾಸ್ತಿ. ಕೆಲಸದಿಂದ ಬಂದ ಕೂಡಲೇ ಊಟವೋ ತಿಂಡಿಯೋ ಸಿಕ್ಕರೆ ಒಂದು ಕಾರಣ ಕಡಿಮೆಯಾಯಿತು.

ಆಸೆ ಬಂದಾಗ ಅದನ್ನು ಬಾಯಿಬಿಟ್ಟು ಹೇಳುವುದೂ ನೇರ ಮಾತೇ. "ಲಕ್ಷ್ಮೀ, ಇವತ್ತು ಕುಡಿಯಬೇಕು ಅನ್ನಿಸ್ತಿದೆ" ಅಂತ ಕೆಂಪಣ್ಣ ಹೇಳಿದ ಎಂದುಕೊಳ್ಳಿ. ಆಗ ಲಕ್ಷ್ಮಮ್ಮ "ಶುರುವಾಯ್ತಾ ನಿಮ್ದು?" ಅಂದರೆ ಅವನು ಮತ್ತೆ ಎಂದೂ ಹೇಳುವುದಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಬನ್ನಿ, ಗದ್ದೆ ಕಡೆ ನಡೆದು ಬರೋಣ" ಅಂದರೆ ಆ ಅರ್ಧ ಗಂಟೆ ಕಳೆಯುತ್ತದೆ.

ಮನೆಯಲ್ಲಿ ನೇರ ಮಾತು

ಮಾತು ಕಲಿಯಬೇಕಾದವರು ಅವರೊಬ್ಬರೇ ಅಲ್ಲ. ನಾವೂ ಕಲಿಯಬೇಕು. ಎಷ್ಟೋ ವರ್ಷ ನುಂಗಿದ್ದೇವೆ. ಎಷ್ಟೋ ಸಲ ಸಿಡಿದಿದ್ದೇವೆ.

ಕುಡಿದು ಬಂದಾಗ ಬುದ್ಧಿ ಹೇಳಿ ಫಲವಿಲ್ಲ. ಆಗ ಮಾತು ತಲೆಗೆ ಹೋಗುವುದಿಲ್ಲ. ಬೆಳಿಗ್ಗೆ ಹೇಳಿ, ಇಳಿದ ಮೇಲೆ ಹೇಳಿ. ಮೂರು ಮಾತು ಸಾಕು. ಏನಾಯಿತು? ನನಗೆ ಹೇಗಾಯಿತು? ನನಗೆ ಏನು ಬೇಕು?

"ನಿನ್ನೆ ಕೂಲಿಯಲ್ಲಿ ಅರ್ಧ ಮಾತ್ರ ಮನೆಗೆ ಬಂತು. ಅಂಗಡಿಯವನ ಮುಂದೆ ನನಗೆ ತಲೆ ಎತ್ತೋಕಾಗಲಿಲ್ಲ. ಇನ್ನು ಮೇಲೆ ಬಟವಾಡೆ ದಿನ ನಾನೂ ಬರ್ತೀನಿ, ಮನೆ ಖರ್ಚಿನ ದುಡ್ಡು ಅಲ್ಲೇ ನನ್ನ ಕೈಗೆ ಕೊಡಿ."

ಇದರಲ್ಲಿ ಬೈಗುಳ ಇಲ್ಲ. ಅವರ ಅಪ್ಪ ಅಮ್ಮನ ಮಾತು ಇಲ್ಲ. ಹತ್ತು ವರ್ಷದ ಹಿಂದಿನ ಲೆಕ್ಕ ಇಲ್ಲ. ನಿನ್ನೆಯ ಮಾತು ಇದೆ, ಕೇಳಿದ್ದು ಸ್ಪಷ್ಟವಾಗಿದೆ.

ನಾವೂ ಕೆಲವಕ್ಕೆ 'ಬೇಡ' ಅನ್ನಬೇಕು. ಕುಡಿದು ಮಲಗಿದ ದಿನ ಮೇಸ್ತ್ರಿಗೆ "ಅವರಿಗೆ ಜ್ವರ" ಅಂತ ಸುಳ್ಳು ಹೇಳುವುದು ಬೇಡ. ಬಾರಿನ ಸಾಲ ನಾವು ತೀರಿಸುವುದು ಬೇಡ. "ಹೊರಗೆ ಯಾಕೆ, ಮನೆಯಲ್ಲೇ ಕುಡಿಯಲಿ" ಅಂತ ತಂದಿಡುವುದು ಬೇಡ. ಇವೆಲ್ಲ ಮರ್ಯಾದೆ ಉಳಿಸಲು ನಾವು ಮಾಡುವ ಕೆಲಸ. ಆದರೆ ಉಳಿಯುವುದು ಮರ್ಯಾದೆಯಲ್ಲ, ಚಟ.

ಇನ್ನೊಂದು ಮುಖ್ಯ ಮಾತು. ಗೊತ್ತಾಗದ ಹಾಗೆ ಅನ್ನದಲ್ಲಿ ಬೆರೆಸಿ ಕುಡಿತ ಬಿಡಿಸುತ್ತೇವೆ ಅಂತ ಪುಡಿ, ಗುಳಿಗೆ ಮಾರುವವರಿದ್ದಾರೆ. ಅದು ಬೇಡವೇ ಬೇಡ. ಕುಡಿತ ಬಿಡಿಸುವ ಒಂದು ಬಗೆಯ ಗುಳಿಗೆ ಇದೆ. ಅದು ಹೊಟ್ಟೆಯಲ್ಲಿ ಇರುವಾಗ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ. ಜೀವಕ್ಕೂ ಅಪಾಯ. ಡಾಕ್ಟರು ಅದನ್ನು ಹೇಳಿ, ಕೇಳಿ, ಒಪ್ಪಿಸಿಯೇ ಕೊಡುತ್ತಾರೆ. ನಾವು ಕದ್ದು ಕೊಡಬಾರದು.

ಜಾರಿದರೆ

ಬಿಟ್ಟವರು ಒಂದು ದಿನ ಜಾರಬಹುದು. ಆ ದಿನ ಎಲ್ಲ ಮುಗಿಯಿತು ಅಂತ ಅನ್ನಿಸುತ್ತದೆ. ಮುಗಿದಿಲ್ಲ. ಅಕ್ಷರ ಕಲಿಯುವಾಗ ನಾವು ಎಷ್ಟು ಸಲ ತಪ್ಪಿದೆವು? ಸ್ಲೇಟು ಒಡೆದು ಹಾಕಿದೆವೇ? ಒರೆಸಿ ಮತ್ತೆ ಬರೆದೆವು. ಇದೂ ಹಾಗೇ. ಯಾರು ಕರೆದರು? ಎಲ್ಲಿ 'ಬೇಡ' ಬಾಯಿಗೆ ಬರಲಿಲ್ಲ? ಕೂತು ಯೋಚಿಸಿ, ಆ ಮಾತನ್ನೇ ಮತ್ತೆ ಆಡಿ ಕಲಿಯಬೇಕು. ಮರುದಿನವೇ ಡಾಕ್ಟರ ಹತ್ತಿರ ಹೋಗಬೇಕು.

ಜೊತೆ ಇದ್ದರೆ ಬಲ. ಅಮೆರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ನೆರವಾಗಿ ಕುಡಿತ ಬಿಟ್ಟರು. ಅದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತು. ಅದನ್ನು ಎ.ಎ. ಅಂತಲೂ ಕರೆಯುತ್ತಾರೆ. ನಮ್ಮ ರಾಜ್ಯದಲ್ಲೂ ಈ ಕೂಟಗಳಿವೆ. ಶುಲ್ಕ ಇಲ್ಲ. ಜನ್ಮವಿಡೀ ಕುಡಿಯುವುದಿಲ್ಲ ಅಂತ ಆಣೆ ಹಾಕಿಸುವುದಿಲ್ಲ. ಇವತ್ತು ಒಂದು ದಿನ ಕುಡಿಯುವುದಿಲ್ಲ ಅಂತ ಹೇಳಿಕೊಳ್ಳುತ್ತಾರೆ. ನಾಳೆಯದು ನಾಳೆಗೆ. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಕೂಟವೂ ಶುರುವಾಯಿತು.

ಹೊಡೆತ ಇದ್ದರೆ

ನೇರ ಮಾತಿಗೂ ಒಂದು ಹೊತ್ತಿದೆ. ಕೈ ಎತ್ತಿದವರ ಮುಂದೆ ನಿಂತು ಪಾಠ ಒಪ್ಪಿಸಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ನೆರೆಯವರನ್ನು ಕೂಗಿ. 112ಕ್ಕೆ ಫೋನು ಮಾಡಿದರೆ ಪೊಲೀಸರ ನೆರವು ಸಿಗುತ್ತದೆ. 181 ಹೆಂಗಸರ ಸಹಾಯವಾಣಿ. ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ಕಾಪಾಡಲು 2005ರಲ್ಲಿ ಕಾನೂನು ಆಗಿದೆ. "ಕುಡಿದಿದ್ದೆ, ಗೊತ್ತಾಗಲಿಲ್ಲ" ಅನ್ನುವುದು ಹೊಡೆತಕ್ಕೆ ಉತ್ತರವಲ್ಲ. ಅವರು ಕುಡಿಯುವುದಕ್ಕೂ ಹೊಡೆಯುವುದಕ್ಕೂ ನಾವು ಕಾರಣ ಅಂತ ಯಾರೇ ಹೇಳಲಿ, ನಂಬಬೇಡಿ.

ಚಟ ನಮ್ಮದೇ ಆದರೆ

ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ನಮ್ಮಲ್ಲೂ ಎಷ್ಟೋ ಜನಕ್ಕೆ ಇದೆ. ಕುಡಿಯುವ ಹೆಂಗಸರೂ ಇದ್ದಾರೆ. ಗಂಡಸು ಕುಡಿದರೆ ಊರು ಮರೆಯುತ್ತದೆ. ಹೆಂಗಸು ಕುಡಿದರೆ ಆಡಿಕೊಳ್ಳುತ್ತದೆ. ಆ ನಾಚಿಕೆಗೆ ಹೆಂಗಸರು ಆಸ್ಪತ್ರೆ ಮೆಟ್ಟಿಲೇ ಹತ್ತುವುದಿಲ್ಲ. ಕಾಯಿಲೆಗೆ ಗಂಡು ಹೆಣ್ಣು ಇಲ್ಲ, ಔಷಧಿಗೂ ಇಲ್ಲ. ನಾಟಿ ಮಾಡುವಾಗ ಗೆಳತಿ ಹೊಗೆಸೊಪ್ಪಿನ ಚೂರು ಚಾಚಿದರೆ "ಬೇಡ ಕಣೇ, ಬಿಟ್ಟಿದ್ದೀನಿ" ಅನ್ನೋಣ. ಅದೇ ಎರಡಕ್ಷರ, ಅದೇ ಐದು ಗುಟ್ಟು.

ಒಂದು ಪಾಠ ಓದಿ ಎದ್ದ ಊರು

ನಮ್ಮ ಪಕ್ಕದ ಆಂಧ್ರ ಪ್ರದೇಶದಲ್ಲಿ ನೆಲ್ಲೂರು ಜಿಲ್ಲೆ ಇದೆ. ಅಲ್ಲಿ ದೂಬಗುಂಟ ಎಂಬ ಊರು. 1990ರ ದಶಕದ ಶುರುವಿನಲ್ಲಿ ಅಲ್ಲಿಯ ಹೆಂಗಸರು ನಮ್ಮ ಹಾಗೇ ಸಾಕ್ಷರತಾ ಕೇಂದ್ರದಲ್ಲಿ ಓದು ಕಲಿತರು. ಅವರ ಪುಸ್ತಕದಲ್ಲಿ ಸೀತಮ್ಮ ಎಂಬ ಹೆಂಗಸಿನ ಕಥೆ ಇತ್ತು. ಕುಡಿತದಿಂದ ಕೆಟ್ಟ ಮನೆಯ ಕಥೆ. ಓದಿದವರಿಗೆ ಅದು ತಮ್ಮದೇ ಕಥೆ ಅನ್ನಿಸಿತು. ಎಲ್ಲರೂ ಸೇರಿ ಹೋಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಮುಂದೆ ನಿಂತವರಲ್ಲಿ ರೋಸಮ್ಮ ಎಂಬುವರ ಹೆಸರು ಎಲ್ಲೆಡೆ ಹಬ್ಬಿತು. 1992ರ ಹೊತ್ತಿಗೆ ಜಿಲ್ಲೆಯ ಊರೂರಿನ ಹೆಂಗಸರು ಎದ್ದರು. 1993ರ ಅಕ್ಟೋಬರಿನಲ್ಲಿ ಆಂಧ್ರದಲ್ಲೆಲ್ಲ ಸಾರಾಯಿ ನಿಂತಿತು. 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. 1997ರಲ್ಲಿ ಅದನ್ನು ಸಡಿಲಿಸಿದರು.

ನಮ್ಮ ರಾಜ್ಯದಲ್ಲೂ ಹೆಂಗಸರು ಸುಮ್ಮನಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು.

ಊರೆಲ್ಲ ಸೇರಿ ಹೇಳುವ 'ಬೇಡ' ದೊಡ್ಡದು. ಅದು ಅಂಗಡಿ ಮುಚ್ಚಿಸುತ್ತದೆ. ಆದರೆ ಕಾನೂನು ಬರುತ್ತದೆ, ಹೋಗುತ್ತದೆ. ಬಟವಾಡೆ ದಿನದ ಸಂಜೆ ಒಬ್ಬ ಮನುಷ್ಯ ಹೇಳುವ 'ಬೇಡ' ಸಣ್ಣದು. ಅದನ್ನು ದಿನವೂ ಹೇಳಬೇಕು. ಎರಡೂ ಬೇಕು. ಸಣ್ಣದನ್ನು ಇವತ್ತೇ ನಮ್ಮ ಮನೆಯಲ್ಲಿ ಶುರು ಮಾಡಬಹುದು.

ನೆನಪಿಡುವ ನಂಬರು

14446: ಚಟ ಬಿಡುವವರಿಗೆ ಸಹಾಯವಾಣಿ.
14416: ಟೆಲಿ ಮನಸ್. ಮನಸ್ಸಿನ ಕಷ್ಟ ಹೇಳಿಕೊಳ್ಳಲು. 2022ರಲ್ಲಿ ಶುರುವಾಯಿತು. ಕನ್ನಡದಲ್ಲಿ ಮಾತಾಡಬಹುದು.
181: ಹೆಂಗಸರ ಸಹಾಯವಾಣಿ.
112: ತುರ್ತು ನೆರವು.

ಅಭ್ಯಾಸ

ಓದಿ: ಬೇಡ. ಬಿಟ್ಟಿದ್ದೀನಿ. ಟೀ ಕುಡಿಯೋಣ. ನಾನು ಹೊರಟೆ.

ಹೇಳಿ: ನುಂಗುವ ಮಾತು ಯಾವುದು? ಸಿಡಿಯುವ ಮಾತು ಯಾವುದು? ನೇರ ಮಾತು ಯಾವುದು? ನಿಮ್ಮ ಮನೆಯಿಂದ ಒಂದೊಂದು ಉದಾಹರಣೆ ಕೊಡಿ.

ಆಡಿ: ಮೂವರು ಸೇರಿ. ಒಬ್ಬರು ಕರೆಯಲಿ, ಒಬ್ಬರು ಬೇಡ ಅನ್ನಲಿ, ಒಬ್ಬರು ನೋಡಲಿ. ಐದು ಗುಟ್ಟಿನಲ್ಲಿ ಯಾವುದು ಬಂತು, ಯಾವುದು ಬಿಟ್ಟುಹೋಯಿತು ಅಂತ ನೋಡಿದವರು ಹೇಳಲಿ. ಆಮೇಲೆ ಪಾತ್ರ ಬದಲಿಸಿ.

ಚರ್ಚಿಸಿ: ಬಾರಿನ ಸಾಲ ಕೇಳಲು ಅಂಗಡಿಯವನು ಮನೆಗೆ ಬಂದರೆ ನಾವು ಏನು ಹೇಳಬೇಕು?

ಬರೆಯಿರಿ: ಈ ವಾರ ನೀವು ಯಾವುದಕ್ಕೆ 'ಬೇಡ' ಅನ್ನಬೇಕು ಅಂತಿದ್ದೀರಿ? ಒಂದು ಸಾಲು ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ.